ಅಂಗಳದ ಅಡಿಕೆ ಕಲಿಸಿದ ಆವಿಯ ಪಾಠ

ಡಿಸೆಂಬರ್ ಬಂತೆಂದರೆ ಬೆಳ್ತಂಗಡಿಯ ನಮ್ಮ ಮನೆಯಂಗಳದಲ್ಲಿ ಕಾಲಿಡಲು ಜಾಗವಿಲ್ಲ. ಎಲ್ಲಿ ನೋಡಿದರೂ ಹಣ್ಣಡಿಕೆ. ಸಿಪ್ಪೆ ಸಮೇತ ಒಂದೇ ಪದರವಾಗಿ ಹರಡಿ, 40-45 ದಿನ ಒಳ್ಳೆ ಬಿಸಿಲು ಸಿಕ್ಕಿದರೆ ಚಾಲಿ ಅಡಿಕೆ ರೆಡಿ. ನಮ್ಮ ವರ್ಷದ ಖರ್ಚೆಲ್ಲ ಅದರ ಮೇಲೆಯೇ.

ಎರಡು ವರ್ಷದ ಹಿಂದೆ ಅಕಾಲದಲ್ಲಿ ಮಳೆ ಬಂತು. ಮೂಡುಬಿದಿರೆಯ ಆಫೀಸಿನಲ್ಲಿದ್ದ ನಾನು ಮೊಬೈಲಿನಲ್ಲಿ ಹವಾಮಾನ ನೋಡಿ ಅಪ್ಪನಿಗೆ ಫೋನ್ ಮಾಡಿದೆ. "ಇನ್ನೂ ಮೂರು ದಿನ ಮಳೆ ಉಂಟು, ಟಾರ್ಪಾಲು ತೆಗೀಬೇಡಿ."

"ಒಳಗೆ ಬೆವರ್ತದೆ ಮಾರಾಯ, ಮಳೆ ಬಿಟ್ಟಾಗ ತೆಗೀಬೇಕು" ಅಂದರು ಅಪ್ಪ. ನಾನು ಬಿಡಲಿಲ್ಲ. ಅವರು ನನ್ನ ಮಾತು ಕೇಳಿದರು.

ನಾಲ್ಕನೇ ದಿನ ಟಾರ್ಪಾಲು ಸರಿಸಿದರೆ ಅಡಿಭಾಗದಲ್ಲೆಲ್ಲ ನೀರಹನಿ, ಬೂಷ್ಟಿನ ವಾಸನೆ. ಸುಲಿದಾಗ ಒಳ್ಳೆ ದರಕ್ಕೆ ಹೋಗಬೇಕಿದ್ದ ಎಷ್ಟೋ ಅಡಿಕೆ ಕರಿಗೋಟಿನ ರಾಶಿಗೆ ಬಿತ್ತು. ಅಪ್ಪ ಒಂದು ಮಾತೂ ಆಡಲಿಲ್ಲ. ಅದೇ ಹೆಚ್ಚು ನೋವಾದದ್ದು.

ನೀರು ಆವಿಯಾಗಲು ಕುದಿಯಲೇಬೇಕೆಂದಿಲ್ಲ. ಮೇಲ್ಮೈಯ ಚುರುಕಿನ ಕಣಗಳು ಯಾವ ಉಷ್ಣಾಂಶದಲ್ಲೂ ಗಾಳಿಗೆ ಹಾರುತ್ತವೆ, ಹೋಗುವಾಗ ಶಾಖವನ್ನೂ ಒಯ್ಯುತ್ತವೆ. ಬೆವರಿದ ಮೈಗೆ ಫ್ಯಾನ್ ಗಾಳಿ ತಂಪೆನಿಸುವುದು ಅದಕ್ಕೇ. ಒಂದು ಲೀಟರ್ ನೀರನ್ನು 30 ಡಿಗ್ರಿಯಿಂದ 100 ಡಿಗ್ರಿಗೆ ಕಾಯಿಸಲು ಸುಮಾರು 70 ಕಿಲೋಕ್ಯಾಲರಿ ಸಾಕು. ಅದೇ ನೀರು 30 ಡಿಗ್ರಿಯಲ್ಲೇ ಆವಿಯಾಗಲು ಸುಮಾರು 580 ಬೇಕು! ಅಷ್ಟನ್ನೂ ಬಿಸಿಲು ಪುಕ್ಕಟೆ ಕೊಡುತ್ತದೆ.

ಆದರೆ ಬಿಸಿ ಒಂದೇ ಸಾಲದು. ಗಾಳಿಯಲ್ಲಿ ಮೊದಲೇ ತೇವ ತುಂಬಿದ್ದರೆ ಹಾರಿದ ಕಣಗಳಷ್ಟೇ ಹಿಂದಕ್ಕೂ ಬರುತ್ತವೆ. ಬಿ.ಸಿ.ರೋಡಿನ ಅಕ್ಕನ ಫ್ಲ್ಯಾಟಿನಲ್ಲಿ ಆಟಿ ತಿಂಗಳಲ್ಲಿ ಬಟ್ಟೆ ಎರಡು ದಿನವಾದರೂ ಒಣಗದಿರುವುದು ಇದರಿಂದಲೇ. ಫ್ಯಾನ್ ಹಾಕಿದರೆ ತೇವದ ಗಾಳಿ ಸರಿದು ಬೇರೆ ಗಾಳಿ ಬರುತ್ತದೆ. ಬಿಡಿಸಿ ಹರಡಿದರೆ ಮೇಲ್ಮೈ ಹೆಚ್ಚಿ ಬೇಗ ಒಣಗುತ್ತದೆ. ನನ್ನ ಟಾರ್ಪಾಲು ಬಿಸಿಲು, ಗಾಳಿ ಎರಡನ್ನೂ ತಡೆದು, ತೇವವನ್ನು ಒಳಗೇ ಕೂಡಿಹಾಕಿತ್ತು.

ಈಗ ಅಂಗಳದಲ್ಲಿ ಪಾರದರ್ಶಕ ಶೀಟಿನ ಗೂಡು ಕಟ್ಟಿದ್ದೇವೆ. ಎರಡೂ ತುದಿಯಲ್ಲಿ ಗಾಳಿಗೆ ದಾರಿ ಉಂಟು. ಅಪ್ಪ ದಿನಾ ಒಂದು ಅಡಿಕೆ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ. ಒಳಗೆ ಗಲಗಲ ಅಂದರೆ ಒಣಗಿದೆ ಎಂದರ್ಥ.

ಈಗಲೂ ಹವಾಮಾನ ನೋಡಿ ಫೋನ್ ಮಾಡುತ್ತೇನೆ. "ಮಳೆ ಬರಬಹುದು ಅಪ್ಪ. ಎಂತ ಮಾಡುವ?" ಎಂದು ಕೇಳಿ ಸುಮ್ಮನಾಗುತ್ತೇನೆ.