ಬೇಸಿಗೆಯಲ್ಲಿ ಒಣಗಿದ್ದು ಮಳೆಗಾಲಕ್ಕೆ

ಬೈಂದೂರು ಸೀಮೆಯ ಮನೆಗಳಲ್ಲಿ ಚಳಿ ಕಾಯಿಸುವ ಒಲೆ ಇಲ್ಲ. ಸಮುದ್ರದ ಬದಿಯ ಈ ಸೆಕೆಯಲ್ಲಿ ಅದರ ಅಗತ್ಯವೂ ಇಲ್ಲ. ಇಲ್ಲಿ ಕಟ್ಟಿಗೆಯ ಬಿಸಿ ಮೈಗೆ ತಾಗುವುದು ನೀರಿನ ಮೂಲಕ. ಗ್ಯಾಸ್ ಬಂದು ಅಡುಗೆ ಒಲೆ ಆರಿಹೋದ ಮನೆಗಳಲ್ಲೂ ಬಚ್ಚಲ ಒಲೆ ಉಳಿದುಕೊಂಡಿದೆ. ಬಾಣಂತಿಯ ನೀರು, ಮಗುವಿನ ಎಣ್ಣೆಸ್ನಾನ, ನಟ್ಟಿ ಮುಗಿಸಿ ನೆಂದು ಬಂದವರ ಸ್ನಾನ ಎಲ್ಲಕ್ಕೂ ಹಂಡೆಯ ನೀರೇ ಬೇಕು. ದೀಪಾವಳಿಯ ನೀರು ತುಂಬುವ ಹಬ್ಬದ ದಿನ ಹಂಡೆಯನ್ನು ತಿಕ್ಕಿ ತೊಳೆದು, ಕೊರಳಿಗೆ ಬಳ್ಳಿ ಸುತ್ತಿ, ನೀರು ತುಂಬಿಸುತ್ತಾರೆ. ಮಿಲ್ಲುಗಳು ಬರುವ ಮೊದಲು ಅಂಗಳದಲ್ಲಿ ಬತ್ತ ಬೇಯಿಸಿ ಕುಚ್ಚಲಕ್ಕಿ ಮಾಡುತ್ತಿದ್ದ ಕಾಲದಲ್ಲಂತೂ ವರ್ಷದ ಕಟ್ಟಿಗೆಯ ದೊಡ್ಡ ಪಾಲು ಅದಕ್ಕೇ ಹೋಗುತ್ತಿತ್ತು.

ಕಟ್ಟಿಗೆಗೆ ಇಲ್ಲಿ ಮುಖ್ಯ ತೊಡಕು ಮಳೆ. ವರ್ಷಕ್ಕೆ ಸುಮಾರು 4,000 ಮಿ.ಮೀ. ಸುರಿಯುವ ಸೀಮೆಯಿದು, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬೀಳುತ್ತದೆ. ಬಿಸಿನೀರು ಹೆಚ್ಚು ಬೇಕಾಗುವುದೂ ಆ ನಾಲ್ಕು ತಿಂಗಳಲ್ಲೇ, ಕಟ್ಟಿಗೆ ಒಣಗದೆ ಇರುವುದೂ ಆಗಲೇ. ಹಾಗಾಗಿ ಕಡಿಯುವುದು, ಸೀಳುವುದು, ಒಟ್ಟುವುದು ಎಲ್ಲವೂ ಬೇಸಿಗೆಯ ಕೆಲಸ. ಮೇ ಕೊನೆಗೆ, ಮಳೆ ಹಿಡಿಯುವ ಮುಂಚೆ ಬರುವ ಹತ್ತನಾವಧಿ ಕಳೆಯುವ ಹೊತ್ತಿಗೆ ಕಟ್ಟಿಗೆ ಕೊಟ್ಟಿಗೆಯ ಮಾಡು ಮುಟ್ಟಿರಬೇಕು ಎಂಬುದು ಹಳೆಯ ಲೆಕ್ಕ.

ಹೆಚ್ಚಿನ ಮನೆಗಳ ಕಟ್ಟಿಗೆ ಹಿತ್ತಲಿನದೇ. ತೆಂಗಿನ ಮರವೊಂದೇ ಮಡಲು, ಕೊತ್ತಳಿಗೆ, ಕಾಯಿಸಿಪ್ಪೆ, ಗೆರಟೆ ಎಂದು ನಾಲ್ಕು ಬಗೆಯ ಉರುವಲು ಕೊಡುತ್ತದೆ. ಅದಕ್ಕೆ ಗೇರಿನ ಒಣಕೊಂಬೆ, ಗಾಳಿಗೆ ಬಿದ್ದ ಮಾವು, ಹಲಸು ಸೇರುತ್ತವೆ. ಹಳೆಯ ಕೃಷಿ ಮನೆತನಗಳಿಗೆ ಕುಮ್ಕಿಯ ಆಸರೆಯೂ ಇತ್ತು. ಕದೀಂ ವರ್ಗ ಎನ್ನುವ ಹಳೆಯ ಪಟ್ಟಾ ಜಮೀನಿನ ಅಂಚಿನಿಂದ 100 ಗಜದೊಳಗಿನ ಸರಕಾರಿ ಜಾಗದಲ್ಲಿ ಸೊಪ್ಪು, ತರಗೆಲೆ, ಕಟ್ಟಿಗೆ ತೆಗೆದುಕೊಳ್ಳುವ ಸವಲತ್ತು ಅದು. ಭೂಮಿ ಸರಕಾರದ್ದು, ಬಳಕೆ ಮಾತ್ರ ರೈತನದ್ದು. ಕುಮ್ಕಿ ಗುಡ್ಡಗಳಲ್ಲಿ ಬೆಳೆಯುವ ಹೈಗದಂಥ ಮರಗಳನ್ನು ಬುಡಸಹಿತ ಕೀಳದೆ, ಮೋಟು ಉಳಿಸಿ ಕಡಿಯುತ್ತಿದ್ದರು. ಮೋಟಿನಿಂದ ಚಿಗುರು ಒಡೆದು ಕೆಲವು ವರ್ಷಗಳಲ್ಲಿ ಮತ್ತೆ ಕಡಿಯುವಷ್ಟು ದಪ್ಪವಾಗುತ್ತಿತ್ತು.

ಕಾಡಿನ ಕಟ್ಟಿಗೆಯ ಮಾತು ಬೇರೆ. ಕೊಲ್ಲೂರು ಸುತ್ತಲಿನ ಮೂಕಾಂಬಿಕಾ ವನ್ಯಜೀವಿಧಾಮ 1974ರಲ್ಲಿ ಘೋಷಣೆಯಾಯಿತು. ಅದರೊಳಗೆ ಕೊಡಲಿಗೆ ಅವಕಾಶವಿಲ್ಲ. ಸ್ವಂತ ಜಾಗದ ಮರ ಕಡಿಯಲೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ವೃಕ್ಷಾಧಿಕಾರಿಯ ಅನುಮತಿ ಬೇಕು. ತೆಂಗು, ಗಾಳಿ ಮರ, ರಬ್ಬರ್, ಸಿಲ್ವರ್ ಓಕ್, ಗ್ಲಿರಿಸೀಡಿಯದಂಥ ಕೆಲವು ಜಾತಿಗಳಿಗೆ ಮಾತ್ರ ವಿನಾಯಿತಿ ಇದೆ.

ಮರ ಯಾವುದು ಎಂಬುದರ ಮೇಲೆ ಉರಿಯ ಗುಣ ನಿಂತಿದೆ. ಒಣಗಿದ ಮೇಲೆ ಒಂದು ಕಿಲೋ ಕಟ್ಟಿಗೆ ಕೊಡುವ ಶಾಖ ಎಲ್ಲ ಮರಗಳಲ್ಲೂ ಹೆಚ್ಚುಕಡಿಮೆ ಒಂದೇ, ಸುಮಾರು 18 ಮೆಗಾಜೂಲ್. ವ್ಯತ್ಯಾಸವಿರುವುದು ಸಾಂದ್ರತೆಯಲ್ಲಿ. ಹಾಲುವಾಣ, ಬೂರುಗ ಹಗುರ. ಕಾಗದದಂತೆ ಭಗ್ಗೆಂದು ಉರಿದು ಮುಗಿಯುತ್ತವೆ, ಕೆಂಡ ನಿಲ್ಲುವುದಿಲ್ಲ. ಮತ್ತಿ, ಹೈಗ ನಿಧಾನ ಹೊತ್ತಿ ತಾಸುಗಟ್ಟಲೆ ಕೆಂಡ ಹಿಡಿಯುತ್ತವೆ. ಮರವಂತೆ, ತ್ರಾಸಿಯಂಥ ಕಡಲತೀರಗಳಲ್ಲಿ ಕಾಣುವ ಗಾಳಿ ಮರ ಕಟ್ಟಿಗೆಗೆ ಹೆಸರಾದದ್ದು. ಪೂರಾ ಒಣಗದಿದ್ದರೂ ಉರಿಯುತ್ತದೆ. ಈ ಪರದೇಶಿ ಮರ 1868ರ ಸುಮಾರಿಗೆ ಕಾರವಾರದ ಕಡೆಗೆ ಬಂದು, ರೈಲಿನ ಉಗಿಬಂಡಿಗಳಿಗೆ ಉರುವಲಾಗಿ ಕರಾವಳಿಯುದ್ದಕ್ಕೂ ಹಬ್ಬಿತು. ಮುರಕಲ್ಲಿನ ಬೋಳುಗುಡ್ಡಗಳಲ್ಲಿ ನೆಟ್ಟ ಅಕೇಶಿಯ ಇಂದು ಧಾರಾಳವಾಗಿ ಸಿಗುವ ಕಟ್ಟಿಗೆ. ಒಲೆಗೆ ಒಡ್ಡಬಾರದ ಮರವೂ ಒಂದಿದೆ, ಹೊಳಗೇರು. ಅದರ ರಸ ತಾಗಿದರೆ ಮೈಯೆಲ್ಲ ಬೊಕ್ಕೆ ಏಳುತ್ತದೆ, ಹೊಗೆಯೂ ಅಷ್ಟೇ ಕೆಟ್ಟದ್ದು. ಗೇರಿನ ಬೀಜದ ಸಿಪ್ಪೆಯಲ್ಲಿರುವ ಎಣ್ಣೆಯ ಹೊಗೆ ಕಣ್ಣು ಗಂಟಲು ಉರಿಸುವುದರಿಂದ ಅದನ್ನೂ ಮನೆಯೊಳಗೆ ಸುಡುವುದು ಒಳ್ಳೆಯದಲ್ಲ.

ಕಡಿಯಲು ಡಿಸೆಂಬರ್‌ನಿಂದ ಫೆಬ್ರವರಿ ಹದವಾದ ಕಾಲ. ಮುಂದೆ ಮೂರು ತಿಂಗಳ ಬಿಸಿಲು ಕಾದಿರುತ್ತದೆ. ದಿಮ್ಮಿಯನ್ನು ಒಲೆಯ ಬಾಯಿಗೆ ಹೊಂದುವಷ್ಟು ಉದ್ದಕ್ಕೆ ಗರಗಸದಿಂದ ಕೊಯ್ದು, ಹಸಿಯಿರುವಾಗಲೇ ಸೀಳಬೇಕು. ಗಾಳಿ ಮರದಂಥ ಗಟ್ಟಿ ಜಾತಿಗಳು ಒಣಗಿದ ಮೇಲೆ ಕೊಡಲಿಗೆ ಬಗ್ಗುವುದಿಲ್ಲ. ಕೊಡಲಿಯ ಏಟು ದಿಮ್ಮಿಯ ತುದಿಯಲ್ಲಿ ಈಗಾಗಲೇ ಬಿಟ್ಟಿರುವ ಬಿರುಕಿನ ಮೇಲೆ ಬೀಳಬೇಕು. ಗಂಟಿದ್ದರೆ ಅದನ್ನು ಬಿಟ್ಟು ಬದಿಯಿಂದ ಸೀಳು ತೆಗೆಯುತ್ತಾರೆ. ಹಟಮಾರಿ ಕೊರಡಿಗೆ ಕಬ್ಬಿಣದ ಬೆಣೆ ಹೊಡೆಯುತ್ತಾರೆ. ಸೀಳುವುದರ ಲಾಭ ಒಲೆಗೆ ತುರುಕಲು ಸುಲಭ ಎಂಬುದಷ್ಟೇ ಅಲ್ಲ. ಮರದೊಳಗಿನ ನೀರಿಗೆ ತೊಗಟೆ ದಾಟಿ ಹೊರಬರುವುದು ಕಷ್ಟ. ಸೀಳಿದಾಗ ತೊಗಟೆಯಿಲ್ಲದ ಮೈ ಗಾಳಿಗೆ ತೆರೆದುಕೊಂಡು ನೀರಿಗೆ ದಾರಿಯಾಗುತ್ತದೆ.

ಹಸಿ ಮರದ ತೂಕದಲ್ಲಿ ಅರ್ಧದವರೆಗೂ ನೀರೇ ಇರಬಹುದು. ಅಂಥ ಒಂದು ಕಿಲೋ ಕಟ್ಟಿಗೆಯಲ್ಲಿ ಉರಿಯುವ ಭಾಗ ಅರ್ಧ ಕಿಲೋ ಮಾತ್ರ. ಅದರ ಶಾಖದಲ್ಲೂ ಒಂದು ಪಾಲು ಉಳಿದರ್ಧ ಕಿಲೋ ನೀರನ್ನು ಆವಿ ಮಾಡಲು ಖರ್ಚಾಗುತ್ತದೆ. ಕೊನೆಗೆ ಉಳಿಯುವುದು ಸುಮಾರು 8 ಮೆಗಾಜೂಲ್. ನೀರಿನಂಶ ಶೇ. 15ಕ್ಕೆ ಇಳಿದ ಒಂದು ಕಿಲೋ ಕಟ್ಟಿಗೆ 15 ಮೆಗಾಜೂಲ್‌ನಷ್ಟು ಕೊಡುತ್ತದೆ. ಹಂಡೆಯ ಲೆಕ್ಕಕ್ಕೆ ತಂದರೆ, 50 ಲೀಟರ್ ನೀರನ್ನು 27 ಡಿಗ್ರಿಯಿಂದ 60 ಡಿಗ್ರಿಗೆ ಏರಿಸಲು ಸುಮಾರು 7 ಮೆಗಾಜೂಲ್ ಬೇಕು. ತೆರೆದ ಬಚ್ಚಲ ಒಲೆ ಶಾಖದ ಶೇ. 15ರಷ್ಟನ್ನು ನೀರಿಗೆ ಮುಟ್ಟಿಸುತ್ತದೆ ಎಂದಿಟ್ಟುಕೊಂಡರೆ ಒಣಕಟ್ಟಿಗೆ 3 ಕಿಲೋ ಸಾಕು. ಹಸಿಯಾದರೆ 6 ಕಿಲೋ, ಜೊತೆಗೆ ಕಣ್ಣೀರು.

ಚಳಿದೇಶಗಳಲ್ಲಿ ಕಟ್ಟಿಗೆಯ ತೇವ ಶೇ. 20ಕ್ಕಿಂತ ಕಡಿಮೆ ಇರಬೇಕು ಎಂಬ ನಿಯಮವಿದೆ. ಅದನ್ನು ತಲುಪಲು ಅಲ್ಲಿ ಒಂದೆರಡು ವರ್ಷ ಒಣಗಿಸುತ್ತಾರೆ. ಬೈಂದೂರಿನ ಬಿಸಿಲಿಗೆ ಸೀಳು ಕಟ್ಟಿಗೆ ಎರಡು ಮೂರು ತಿಂಗಳಲ್ಲೇ ಆ ಹದಕ್ಕೆ ಬರುತ್ತದೆ. ಕಷ್ಟವಿರುವುದು ಹದವನ್ನು ಉಳಿಸಿಕೊಳ್ಳುವುದರಲ್ಲಿ. ಮರ ಸುತ್ತಲಿನ ಗಾಳಿಯ ತೇವಕ್ಕೆ ತಕ್ಕಂತೆ ನೀರು ಬಿಡುತ್ತದೆ, ಮತ್ತೆ ಹೀರುತ್ತದೆ. ಗಾಳಿಯ ತೇವಾಂಶ ಶೇ. 65 ಇರುವಾಗ ಕಟ್ಟಿಗೆ ಶೇ. 12ರ ಹತ್ತಿರ ನಿಲ್ಲುತ್ತದೆ. ಆಷಾಢದಲ್ಲಿ ಗಾಳಿ ಶೇ. 90ಕ್ಕೆ ಏರಿದಾಗ, ಒಂದು ಹನಿ ಮಳೆ ತಾಗದಿದ್ದರೂ ಅದೇ ಕಟ್ಟಿಗೆ ಶೇ. 20ರತ್ತ ಸರಿಯುತ್ತದೆ. ಒಲೆಯ ಮೇಲಿನ ಅಟ್ಟದಲ್ಲಿ ನಾಲ್ಕು ದಿನದ ಕಟ್ಟಿಗೆ ಇಟ್ಟು, ಇಳಿಸಿದಷ್ಟನ್ನೇ ಕೊಟ್ಟಿಗೆಯಿಂದ ತಂದು ತುಂಬುವ ರೂಢಿ ಹುಟ್ಟಿದ್ದು ಇದರಿಂದಲೇ.

ಕೊಟ್ಟಿಗೆಯಲ್ಲಿ ನೆಲಕ್ಕೆ ಮುರಕಲ್ಲು ಇಟ್ಟು, ಅಡ್ಡ ಕಂಬ ಹಾಸಿ, ಅದರ ಮೇಲೆ ಒಟ್ಟುತ್ತಾರೆ. ನೆಲಕ್ಕೆ ತಾಗಿದರೆ ಒರಲೆ ಖಂಡಿತ. ಇರಿಚಲು ಹೊಡೆಯುವ ಪಡುವಣ ಬದಿಗೆ ಮಡಲಿನ ತಟ್ಟಿ ಕಟ್ಟಿ, ಉಳಿದ ಬದಿಗಳನ್ನು ಗಾಳಿಗೆ ಬಿಡಬೇಕು. ಟಾರ್ಪಾಲು ಸುತ್ತಿ ಬಿಗಿಯುವುದು ಈಗಿನ ಅಭ್ಯಾಸ. ಆದರೆ ಹಾಗೆ ಮಾಡಿದರೆ ಒಳಗಿನ ಆವಿ ಹೊರಹೋಗದೆ ಬೂಸ್ಟು ಹಿಡಿಯುತ್ತದೆ. ರಾಶಿಯಡಿ ಹಿಟ್ಟಿನಂಥ ಪುಡಿ ಉದುರಿದ್ದರೆ ಕುಟ್ಟೆಹುಳ ಬಿದ್ದಿದೆ ಎಂದರ್ಥ, ಆ ಕಟ್ಟಿಗೆಯನ್ನು ಮೊದಲು ಉರಿಸಬೇಕು. ಇಲಿ ಸೇರುವ ಜಾಗಕ್ಕೆ ನಾಗರ, ಕೊಳಕುಮಂಡಲವೂ ಬರುತ್ತವೆ. ಕತ್ತಲಲ್ಲಿ ಕೈ ಹಾಕುವ ಮೊದಲು ಕೋಲಿನಿಂದ ತಟ್ಟಿ ನೋಡಬೇಕು.

ಕಟ್ಟಿಗೆ ಒಣಗಿದೆಯೇ ಎಂದು ತಿಳಿಯಲು ಯಂತ್ರ ಬೇಡ. ತುದಿಯಲ್ಲಿ ನಕ್ಷತ್ರದಂತೆ ಬಿರುಕು, ಬೆರಳಿಗೇ ಕಳಚುವ ತೊಗಟೆ, ಒಂದಕ್ಕೊಂದು ಬಡಿದಾಗ ಟಣ್ಣೆನ್ನುವ ಸದ್ದು ಸಾಕು. ಹಸಿಯಾದರೆ ಸದ್ದು ಮಂಕು, ಒಲೆಗಿಟ್ಟಾಗ ತುದಿಯಲ್ಲಿ ನೊರೆ.

ಹೊತ್ತಿಸಲು ಅಡಿಯಲ್ಲಿ ಒಣ ಮಡಲ ಗರಿ, ಮೇಲೆ ಎರಡು ಗೆರಟೆ, ಸುತ್ತ ಸಣ್ಣ ಚಕ್ಕೆ, ಕೊನೆಗೆ ಸೀಳು. ಬಿಸಿಗೆ ಮೊದಲು ನೀರು ಹೋಗುತ್ತದೆ. ಸುಮಾರು 200 ಡಿಗ್ರಿ ದಾಟಿದ ಮೇಲೆ ಮರ ಒಡೆದು ಅನಿಲ ಬಿಡಲು ಶುರುವಾಗುತ್ತದೆ. ನಾಲಗೆಯಾಗಿ ಏಳುವ ಉರಿ ಆ ಅನಿಲದ್ದು. ಉಳಿದ ಇದ್ದಿಲು ಕೆಂಡವಾಗಿ ಉರಿಯುತ್ತದೆ. ಅನಿಲಕ್ಕೆ ಸಾಕಷ್ಟು ಗಾಳಿ, ಬಿಸಿ ಸಿಗದಿದ್ದರೆ ಅದೇ ಹೊಗೆ. ಹೊಗೆ ಎಂದರೆ ಉರಿಯದೆ ವ್ಯರ್ಥವಾದ ಕಟ್ಟಿಗೆ. ಒಲೆಯ ಬಾಯಿ ತುಂಬ ತುರುಕುವುದಕ್ಕಿಂತ ಎರಡು ಮೂರು ಸೀಳುಗಳ ನಡುವೆ ಸಂದು ಬಿಟ್ಟು, ಕೊಳ್ಳಿ ಮುಂದೂಡುತ್ತ ಹೋದರೆ ಉರಿ ಸ್ವಚ್ಛ. ಊದುಗೊಳವೆ ಪದೇ ಪದೇ ಬೇಕಾಗುತ್ತಿದ್ದರೆ ಕಟ್ಟಿಗೆ ಹಸಿ, ಇಲ್ಲವೇ ಬೂದಿ ತೆಗೆದಿಲ್ಲ.

ಒಲೆಯನ್ನೇ ಸುಧಾರಿಸುವ ಪ್ರಯತ್ನ ಕರ್ನಾಟಕದಲ್ಲಿ ಗಟ್ಟಿಯಾಗಿಯೇ ನಡೆಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ಕೆ. ಎನ್. ರೆಡ್ಡಿಯವರು 1974ರಲ್ಲಿ ಕಟ್ಟಿದ 'ಅಸ್ತ್ರ' ಕೇಂದ್ರ, 1980ರ ದಶಕದಲ್ಲಿ ಹೊಗೆ ಕೊಳವೆಯುಳ್ಳ ಅಸ್ತ್ರ ಒಲೆಯನ್ನು ರೂಪಿಸಿತು. ಉರಿಯನ್ನು ಮುಚ್ಚಿದ ಗೂಡಿನಲ್ಲಿ ಹಿಡಿದು ಪಾತ್ರೆಗೆ ಒತ್ತಿ ಹಾಯಿಸುವ ಈ ಒಲೆ ಶಾಖದ ಮೂರನೆಯ ಒಂದು ಭಾಗ ಅಥವಾ ಹೆಚ್ಚನ್ನು ಪಾತ್ರೆಗೆ ಮುಟ್ಟಿಸಬಲ್ಲದು. ಬಚ್ಚಲಿಗೂ ಅದೇ ಸೂತ್ರ: ಹಂಡೆಯನ್ನು ಮಣ್ಣಿನ ಗೂಡಿನೊಳಗೆ ಕೂರಿಸಿ, ಉರಿ ಅದರ ಸುತ್ತ ಸುತ್ತಿ ಕೊಳವೆಗೆ ಹೋಗುವಂತೆ ಮಾಡಿದರೆ ಕಟ್ಟಿಗೆ ಅರ್ಧಕ್ಕೆ ಇಳಿಯುತ್ತದೆ. ಕೊಳವೆಯ ಇನ್ನೊಂದು ಲಾಭ ಆರೋಗ್ಯದ್ದು. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ 32 ಲಕ್ಷ ಸಾವುಗಳಾದವು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಬಚ್ಚಲು ಮನೆಯಿಂದ ಹೊರಗಿದ್ದ ಹಳೆಯ ಮನೆಗಳಲ್ಲಿ ಈ ಅಪಾಯ ಕಡಿಮೆ. ಕೊಳವೆಯಿದ್ದರೂ ವರ್ಷಕ್ಕೊಮ್ಮೆ, ಮಳೆ ಹಿಡಿಯುವ ಮೊದಲು, ಒಳಗಿನ ಮಸಿ ಕೆರೆಯಬೇಕು. ಹಸಿ ಕಟ್ಟಿಗೆ ಉರಿಸುವ ಮನೆಯಲ್ಲಿ ಇನ್ನೂ ಬೇಗ.

ಕೊನೆಗೆ ಉಳಿಯುವ ಬೂದಿಯಲ್ಲಿ ಪೊಟ್ಯಾಷ್ ಮತ್ತು ಸುಣ್ಣದ ಅಂಶ ಇದೆ. ಕರಾವಳಿಯ ಹುಳಿಗುಣದ ಕೆಂಪು ಮಣ್ಣಿಗೆ ಅದು ಹಿತ. ತೆಂಗಿನ ಕಟ್ಟೆಗೆ, ಬಸಳೆ ಬುಡಕ್ಕೆ ಹಾಕುವ ಮೊದಲು ಪೂರಾ ಆರಲು ಬಿಡಬೇಕು. ಬೂದಿಯೊಳಗೆ ಹುದುಗಿದ ಕೆಂಡ ಮರುದಿನದವರೆಗೂ ಜೀವ ಹಿಡಿದಿರುತ್ತದೆ. ಬೂದಿಯನ್ನು ಯೂರಿಯಾದ ಜೊತೆ ಬೆರೆಸಿದರೆ ಯೂರಿಯಾದ ಸಾರಜನಕ ಅಮೋನಿಯವಾಗಿ ಹಾರಿಹೋಗುವುದರಿಂದ ಎರಡನ್ನೂ ಬೇರೆ ಬೇರೆ ಸಮಯದಲ್ಲಿ ಹಾಕುತ್ತಾರೆ.