ನಿಮಗಿದು ಗೊತ್ತೇ? ನಾಗವಲ್ಲಿಗೆ ಸಾವೇ ಇಲ್ಲ!

ದೆವ್ವದ ಸಿನಿಮಾವನ್ನು ಹೆಚ್ಚು ಕೆಡಿಸುವುದು ಯಾವುದು? ರೀಮೇಕೋ, ವರ್ಷಗಟ್ಟಲೆ ಬಿಟ್ಟು ಎಳೆದು ತಂದ ಎರಡನೇ ಭಾಗವೋ? ಈ ಜಗಳಕ್ಕೆ ಹೈದರಾಬಾದಿನ ಅಮೀರ್‌ಪೇಟ್‌ಗಿಂತ ಒಳ್ಳೆಯ ಜಾಗ ಬೇಕೆ? ಕೋಚಿಂಗ್‌ಗೆ ಬಂದ ಕನ್ನಡದ ಹುಡುಗ ‘ಆಪ್ತಮಿತ್ರ’ ಎಂದರೆ ತೆಲುಗು ರೂಮ್‌ಮೇಟ್ ‘ಚಂದ್ರಮುಖಿ’ ಎನ್ನುತ್ತಾನೆ!

ಅಮೀರ್‌ಪೇಟ್ ಎಂದರೆ ಬರೀ ಸಾಫ್ಟ್‌ವೇರ್ ಕೋಚಿಂಗ್ ಅಂದುಕೊಂಡಿರಾ? ಸಾರಥಿ ಸ್ಟುಡಿಯೋ ಇರುವುದು ಇಲ್ಲೇ. ಪೂರ್ತಿ ಹೈದರಾಬಾದಿನಲ್ಲೇ ತಯಾರಾದ ಮೊದಲ ತೆಲುಗು ಚಿತ್ರ ‘ಮಾ ಇಂಟಿ ಮಹಾಲಕ್ಷ್ಮಿ’ (1959) ಇಲ್ಲಿಂದಲೇ ಹೊರಬಂತು. ಹಳೆಯ ಸತ್ಯಂ ಥಿಯೇಟರ್ ಇದ್ದ ಜಾಗದಲ್ಲಿ 2023ರಲ್ಲಿ ಅಲ್ಲು ಅರ್ಜುನ್ ಪಾಲುದಾರಿಕೆಯ ಎಎಎ ಸಿನಿಮಾಸ್ ಶುರುವಾಯಿತು. ಇಲ್ಲಿ ಥಿಯೇಟರಿಗೂ ರೀಮೇಕ್!

‘ಆಪ್ತಮಿತ್ರ’, ‘ಚಂದ್ರಮುಖಿ’ ಎರಡಕ್ಕೂ ಮೂಲವಾದ ದೆವ್ವ ನಾಗವಲ್ಲಿ ಹುಟ್ಟಿದ್ದು 1993ರಲ್ಲಿ, ಫಾಸಿಲ್ ಅವರ ಮಲಯಾಳಂ ಚಿತ್ರ ‘ಮಣಿಚಿತ್ರತ್ತಾಳ್’ನಲ್ಲಿ. ಆಮೇಲೆ ಕನ್ನಡ, ತಮಿಳು, ಬಂಗಾಳಿ, ಹಿಂದಿ ಎಂದು ನಾಲ್ಕು ಭಾಷೆ ಸುತ್ತಿದಳು. ಇಷ್ಟು ಊರು ತಿರುಗಿದ ದೆವ್ವ ಇನ್ನೊಂದಿದೆಯೇ?

ಇನ್ನೊಂದು ಮಜಾ ಕೇಳಿ. ಮಲಯಾಳಂನಲ್ಲಿ ಅವಳು ತಂಜಾವೂರಿನ ತಮಿಳು ನರ್ತಕಿ. ಕನ್ನಡಕ್ಕೆ ಬಂದಾಗ ತೆಲುಗಿನವಳಾದಳು. ತಮಿಳಿಗೆ ‘ಚಂದ್ರಮುಖಿ’ಯಾಗಿ ಹೋದಾಗಲೂ ತೆಲುಗಿನವಳೇ. ಆದರೆ ತಮಿಳು ಚಿತ್ರ ತೆಲುಗಿಗೆ ಡಬ್ ಆದಾಗ ಅವಳ ತೆಲುಗು ಹಾಡು ‘ರಾ ರಾ’ ತಮಿಳಿನ ‘ವಾರಾಯ್’ ಆಯಿತು! ಹಾಗಾಗಿ ಕನ್ನಡದ ಹುಡುಗ ಗುನುಗುವುದು ತೆಲುಗು, ತೆಲುಗು ರೂಮ್‌ಮೇಟ್ ಗುನುಗುವುದು ತಮಿಳು!

ಆ ‘ರಾ ರಾ’ ಧಾಟಿ ಯಾರದು ಗೊತ್ತೇ? ನಮ್ಮ ಗುರುಕಿರಣ್ ಅವರದು. ‘ಆಪ್ತಮಿತ್ರ’ಕ್ಕೆ (2004) ಹಾಕಿದ ಧಾಟಿಯೇ ಮರುವರ್ಷ ರಜನಿಕಾಂತ್ ಚಿತ್ರಕ್ಕೂ ಹೋಯಿತು. ಆ ‘ಚಂದ್ರಮುಖಿ’ ಚೆನ್ನೈನ ಶಾಂತಿ ಥಿಯೇಟರಿನಲ್ಲಿ 800 ದಿನ ದಾಟಿ ಓಡಿತು. ರೀಮೇಕ್ ಎಂದು ಮೂಗು ಮುರಿಯುವವರು ಕೇಳಿಸಿಕೊಳ್ಳಿ!

‘ಆಪ್ತಮಿತ್ರ’ದ ನಾಯಕಿ, ಕೋಲಾರದ ಕಡೆಯ ಹುಡುಗಿ ಸೌಂದರ್ಯ ತೆಲುಗರ ಮನೆಮಗಳೇ ಆಗಿದ್ದರು. 2004ರ ಏಪ್ರಿಲ್ 17ರಂದು ಕರೀಂನಗರಕ್ಕೆ ಹೊರಟ ವಿಮಾನ ಬೆಂಗಳೂರಿನಲ್ಲೇ ಬಿದ್ದು ತೀರಿಕೊಂಡರು. ಅವರ ‘ಆಪ್ತಮಿತ್ರ’ ತೆರೆಗೆ ಬಂದದ್ದು ಆಗಸ್ಟ್‌ನಲ್ಲಿ. ಅದರ ನಾಯಕ ವಿಷ್ಣುವರ್ಧನ್ 2009ರ ಡಿಸೆಂಬರ್ 30ರಂದು ಅಗಲಿದರು. ಎರಡನೇ ಭಾಗ ‘ಆಪ್ತರಕ್ಷಕ’ ಬಂದದ್ದು 2010ರ ಫೆಬ್ರವರಿಯಲ್ಲಿ. ಎರಡನ್ನೂ ಜನ ಕಣ್ಣೊರೆಸಿಕೊಂಡೇ ನೋಡಿದರು.

ಮೊದಲ ಭಾಗದಲ್ಲಿ ದೆವ್ವವೇ ಇಲ್ಲ, ಎಲ್ಲ ಮನಸ್ಸಿನ ಕಾಯಿಲೆ. ಎರಡನೇ ಭಾಗಕ್ಕೆ ಬಂದರೆ ನಾಗವಲ್ಲಿಯ ಕಾಲದ, ನೂರು ದಾಟಿದ ರಾಜ ಇನ್ನೂ ಬದುಕಿದ್ದಾನೆ! ಜೊತೆಗೊಂದು ದೈತ್ಯ ಹಾವು ಬೇರೆ!

ಅದೇ ವರ್ಷದ ಡಿಸೆಂಬರ್‌ನಲ್ಲಿ ತೆಲುಗಿನಲ್ಲಿ ವೆಂಕಟೇಶ್ ಅವರ ‘ನಾಗವಲ್ಲಿ’ ಬಂತು. ಅದು ‘ಆಪ್ತರಕ್ಷಕ’ದ ರೀಮೇಕ್, ‘ಚಂದ್ರಮುಖಿ’ಯ ಮುಂದುವರಿಕೆ. ಒಂದೇ ಟಿಕೆಟ್‌ಗೆ ಎರಡೂ!

ಇದನ್ನೆಲ್ಲ ಮಾಡಿದವರು ಯಾರು? ಒಬ್ಬರೇ ನಿರ್ದೇಶಕರು, ಪಿ. ವಾಸು! ಆಪ್ತಮಿತ್ರ, ಚಂದ್ರಮುಖಿ, ಆಪ್ತರಕ್ಷಕ, ನಾಗವಲ್ಲಿ, ಕೊನೆಗೆ 2023ರ ‘ಚಂದ್ರಮುಖಿ 2’. ಐದು ಸಿನಿಮಾ! ರೀಮೇಕ್ ಮಾಡಿದಾಗ ಜೈಕಾರ. 18 ವರ್ಷದ ಮೇಲೆ ಎರಡನೇ ಭಾಗ ತಂದಾಗ ನೆಲಕಚ್ಚಿತು.

ತಡವಾಗಿ ಬಂದರೆ ಸೋಲೇ ಗತಿ ಅಂದುಕೊಳ್ಳಬೇಡಿ. ನಾಗವಲ್ಲಿ ಕಥೆಯ ಹಿಂದಿ ರೀಮೇಕಿನ ಎರಡನೇ ಭಾಗ ‘ಭೂಲ್ ಭುಲಯ್ಯಾ 2’ ಬಂದದ್ದು 15 ವರ್ಷದ ಮೇಲೆ. ನಿರ್ದೇಶಕರು ಬೇರೆ, ನಾಯಕ ಬೇರೆ. ಆದರೂ 2022ರ ಭರ್ಜರಿ ಹಿಟ್!

ಹಾಲಿವುಡ್‌ನ ಕತೆ ಕೇಳಿ. ಹಿಚ್‌ಕಾಕ್ ಅವರ ‘ಸೈಕೋ’ (1960) ಚಿತ್ರದಲ್ಲಿ ಬಚ್ಚಲಿನಲ್ಲಿ ಹರಿದ ರಕ್ತ ಬರೀ ಚಾಕೊಲೇಟ್ ಸಿರಪ್! 23 ವರ್ಷದ ಮೇಲೆ ಬಂದ ‘ಸೈಕೋ 2’ ಗೆದ್ದಿತು. 1998ರಲ್ಲಿ ಹೆಚ್ಚುಕಡಿಮೆ ಶಾಟ್‌ಗೆ ಶಾಟ್ ನಕಲು ಮಾಡಿದ ರೀಮೇಕ್ ಮಕಾಡೆ ಮಲಗಿತು!

ಚಾಕು ಹಿಡಿದು ಅಟ್ಟಾಡಿಸಿ ಕೊಲ್ಲುವ ‘ಸ್ಲ್ಯಾಷರ್’ ಚಿತ್ರಗಳಲ್ಲಿ ‘ಹ್ಯಾಲೋವೀನ್’ (1978) ಹೆಸರುವಾಸಿ. ಕೊಲೆಗಾರನ ಮುಖವಾಡ ಯಾವುದು ಹೇಳಿ? ‘ಸ್ಟಾರ್ ಟ್ರೆಕ್’ನ ಕ್ಯಾಪ್ಟನ್ ಕರ್ಕ್‌ನದು! ಅಂಗಡಿಯಿಂದ ತಂದು, ಕಣ್ಣಿನ ತೂತು ದೊಡ್ಡದು ಮಾಡಿ, ಬಿಳಿ ಬಣ್ಣ ಬಳಿದರು. ಮುಖವಾಡಕ್ಕೂ ರೀಮೇಕ್!

ಇನ್ನೊಂದು ಸ್ಲ್ಯಾಷರ್ ‘ಫ್ರೈಡೇ ದಿ 13ತ್’ ಎಂದರೆ ಹಾಕಿ ಮುಖವಾಡದ ಜೇಸನ್ ಅಲ್ಲವೇ? ಮೊದಲ ಭಾಗದಲ್ಲಿ ಕೊಲ್ಲುವವಳು ಅವನ ಅಮ್ಮ! ಆ ಮುಖವಾಡ ಬಂದದ್ದು ಮೂರನೇ ಭಾಗದಲ್ಲಿ!

ನಾವೇನು ಬರೀ ಸಾಲ ತರುವವರಲ್ಲ. ಪವನ್ ಕುಮಾರ್ ಅವರ ಕನ್ನಡದ ‘ಯೂ ಟರ್ನ್’ (2016) ತೆಲುಗು, ತಮಿಳಿಗೆ ಹೋಯಿತು. ಅಲ್ಲಿ ಸಮಂತಾ ನಾಯಕಿ. ಆಮೇಲೆ ಫಿಲಿಪ್ಪೀನ್ಸ್‌ಗೂ ಹಾರಿತು. ಬೆಂಗಳೂರಿನ ಫ್ಲೈಓವರ್ ದೆವ್ವಕ್ಕೆ ಪಾಸ್‌ಪೋರ್ಟ್!

ಹಾಗಾದರೆ ತೀರ್ಪೇನು? ರೀಮೇಕ್‌ಗೆ ಪರೀಕ್ಷೆ ಪಾಸಾದ ಕಥೆ ಸಿಗುತ್ತದೆ. ತಡವಾಗಿ ಬಂದ ಎರಡನೇ ಭಾಗಕ್ಕೆ ಹೆಸರಷ್ಟೇ ಸಿಗುತ್ತದೆ, ಕಥೆ ಹೊಸದಾಗಿ ಹೊಸೆಯಬೇಕು. ‘ಸೈಕೋ’ ಉಲ್ಟಾ ಹೇಳಿದರೂ ನಮ್ಮ ಓಟು ರೀಮೇಕ್‌ಗೆ. ನಿಮ್ಮದು ಯಾವುದಕ್ಕೆ?