ಹೊರದೇಶದವರು ಕಲಿಯುವ ರೇಷ್ಮೆ ಉದ್ಯಮ: ನಮ್ಮ ಜಮೀನುದಾರರಿಗೆ ಅದರ ಪಾಠ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಈ ನಾಲ್ಕು ತಾಲ್ಲೂಕುಗಳಲ್ಲಿ ವರ್ಷವೆಲ್ಲಾ ಹರಿಯತಕ್ಕ ನದಿಯಿಲ್ಲವೆಂಬುದು ಸರ್ವವಿದಿತವಾದ ಸಂಗತಿ. ಕೆರೆಬಾವಿಗಳನ್ನು ನಂಬಿದ್ದ ಬೇಸಾಯವು ಈಗ ಆಳವಾದ ಕೊಳವೆ ಬಾವಿಗಳನ್ನು ಆಶ್ರಯಿಸಿದೆ. ಇಂಥ ಸೀಮೆಯಲ್ಲಿ ಹಿಪ್ಪುನೇರಳೆಯನ್ನು ಬೆಳೆದು, ವರ್ಷದಲ್ಲಿ ಹಲವು ಸಾರಿ ಕೈಗೆ ಹಣ ಕೊಡುವ ರೇಷ್ಮೆಯ ಕಸಬು ಅನೇಕ ಕುಟುಂಬಗಳನ್ನು ಕಾಪಾಡಿದೆ.

ಕೆಲವು ವರ್ಷಗಳ ಹಿಂದೆ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಆಫ್ರಿಕ ಖಂಡದಿಂದ ತರಬೇತಿಗೆ ಬಂದಿದ್ದ ಗೃಹಸ್ಥರೊಬ್ಬರು ಭೇಟಿಯಿತ್ತರು. ತಮ್ಮ ದೇಶದಲ್ಲಿ ಹೊಸದಾಗಿ ಈ ಉದ್ಯಮವನ್ನು ಹೂಡಬೇಕೆಂಬುದು ಅವರ ಉದ್ದೇಶ. ಒಳ್ಳೆಯ ಗೂಡನ್ನು ತಂದಿದ್ದ ನಮ್ಮ ಜಮೀನುದಾರರೊಬ್ಬರನ್ನು ಅವರು, "ಒಂದು ಕಿಲೋ ಗೂಡನ್ನು ಬೆಳೆಯಲು ತಮಗೆ ಎಷ್ಟು ಖರ್ಚಾಯಿತು?" ಎಂದು ಕೇಳಿದರು. ಮಾರಿದ ದರವನ್ನು ಕೂಡಲೇ ಹೇಳಿದ್ದ ಜಮೀನುದಾರರು ಈ ಪ್ರಶ್ನೆಗೆ ಸುಮ್ಮನಾದರು. ಪಕ್ಕದಲ್ಲಿದ್ದ ನನಗೂ ಉತ್ತರ ತೋಚಲಿಲ್ಲ. ಈ ಲೇಖನಕ್ಕೆ ಆ ಪ್ರಶ್ನೆಯೇ ಕಾರಣ.

ಹೊರದೇಶದವರು ನಮ್ಮಲ್ಲಿಗೆ ಬಂದು ಕಲಿಯುವುದು ಆಶ್ಚರ್ಯವಲ್ಲ. ನಾವೂ ಹಾಗೆಯೇ ಕಲಿತವರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜಮ್‌ಷೇಟ್‌ಜಿ ಟಾಟಾ ಅವರು ಬೆಂಗಳೂರಿನಲ್ಲಿ ರೇಷ್ಮೆ ಫಾರಂ ಸ್ಥಾಪಿಸಿ, ಜಪಾನಿನ ಪರಿಣತರಿಂದ ಕೆಲಸ ಕಲಿಸಿದರು. ೧೯೯೧ರಿಂದ ೨೦೦೭ರ ವರೆಗೆ ಜಪಾನಿನ ಸಹಕಾರದಿಂದ ನಡೆದ ಯೋಜನೆಯು ದ್ವಿತಳಿ ರೇಷ್ಮೆಯನ್ನು ನಮ್ಮ ರೈತರ ಮನೆಗೆ ಮುಟ್ಟಿಸಿತು. ಅನಂತರ ಕಲಿತವರೇ ಕಲಿಸುವವರಾದರು. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನೆ ಮತ್ತು ತರಬೇತಿ ಸಂಸ್ಥೆಯಲ್ಲಿ ಏಷ್ಯ, ಆಫ್ರಿಕ ಖಂಡಗಳ ಅಭ್ಯರ್ಥಿಗಳು ಶಿಕ್ಷಣ ಹೊಂದಿರುತ್ತಾರೆ. ಅಂತರರಾಷ್ಟ್ರೀಯ ರೇಷ್ಮೆ ಆಯೋಗದ ಕಚೇರಿಯೂ ೨೦೧೩ರಲ್ಲಿ ಫ್ರಾನ್ಸಿನಿಂದ ಬೆಂಗಳೂರಿಗೆ ಬಂದಿತು.

"ಅನ್ಯರಿಗೆ ಕಲಿಸಿದರೆ ನಮ್ಮ ವ್ಯಾಪಾರ ಕೆಡದೆ?" ಎಂದು ಕೆಲವು ಮುಖಂಡರು ಶಂಕಿಸುವುದುಂಟು. ನಮ್ಮ ದೇಶದ ಮಗ್ಗಗಳಿಗೆ ಸ್ವದೇಶದ ನೂಲು ಸಾಲದೆ ಬಹುಕಾಲದಿಂದ ಚೀನಾದ ಕಚ್ಚಾ ರೇಷ್ಮೆಯನ್ನು ತರಿಸಿಕೊಳ್ಳುತ್ತಿದ್ದೇವೆ. ಆದುದರಿಂದ ನಮಗೆ ನಷ್ಟವುಂಟುಮಾಡುವುದು ಹೊಸದಾಗಿ ಕಲಿಯುವವನ ಗೂಡಲ್ಲ. ನಮ್ಮದೇ ಮನೆಯ ರೋಗಪೀಡಿತವಾದ, ಲೆಕ್ಕವಿಲ್ಲದ ಬೆಳೆ.

ಹೊಸ ಉದ್ಯಮಿಯು ಮೊದಲು ಕಲಿಯಬೇಕಾದುದು ಲೆಕ್ಕ. ಮೊಟ್ಟೆ ಅಥವಾ ಚಾಕಿ ಹುಳುವಿನ ಬೆಲೆ, ಸೊಪ್ಪಿನ ಖರ್ಚು, ಕೂಲಿ, ಸೋಂಕುನಿವಾರಕ ಔಷಧಿ, ಸಾಗಣೆ ಇವಿಷ್ಟನ್ನೂ ಬರೆಯತಕ್ಕದ್ದು. ಸ್ವಂತ ತೋಟದ ಸೊಪ್ಪು, ಮನೆಯವರ ದುಡಿಮೆ ಪುಕ್ಕಟೆಯೆಂದು ಬಿಟ್ಟರೆ ಲೆಕ್ಕವೇ ಸುಳ್ಳಾಗುವುದು. ನಿದರ್ಶನಕ್ಕಾಗಿ, ನೂರು ಮೊಟ್ಟೆಯ ಬೆಳೆಗೆ ಎಲ್ಲಾ ಸೇರಿ ೨೦,೦೦೦ ರೂಪಾಯಿ ತಗುಲಿತೆಂದು ಇಟ್ಟುಕೊಳ್ಳೋಣ. ೫೦ ಕಿಲೋ ಗೂಡಾದರೆ ಕಿಲೋವಿಗೆ ೪೦೦ ರೂಪಾಯಿ ಬೀಳುವುದು. ಅದೇ ಖರ್ಚಿನಲ್ಲಿ ೭೦ ಕಿಲೋ ಆದರೆ ಸುಮಾರು ೨೮೬ ರೂಪಾಯಿ ಮಾತ್ರ. ಮಾರುಕಟ್ಟೆಯ ದರ ನಮ್ಮ ಕೈಯಲ್ಲಿಲ್ಲ. ಈ ವ್ಯತ್ಯಾಸವು ಬಹುಮಟ್ಟಿಗೆ ನಮ್ಮ ಕೈಯಲ್ಲಿದೆ.

ಅದನ್ನು ಸಾಧಿಸುವ ಮಾರ್ಗವೂ ಕಷ್ಟವಲ್ಲ. ಬೆಳೆಯು ಮುಗಿದೊಡನೆ ರೋಗದ ಹುಳುಗಳನ್ನು ಸುಡಬೇಕು. ಹುಳುಮನೆಯನ್ನೂ ತಟ್ಟೆ ಚಂದ್ರಿಕೆಗಳನ್ನೂ ತೊಳೆದು, ನೂರು ಲೀಟರು ನೀರಿಗೆ ೨ ಕಿಲೋ ಬ್ಲೀಚಿಂಗ್ ಪುಡಿ ಮತ್ತು ೩೦೦ ಗ್ರಾಂ ಅರಳಿದ ಸುಣ್ಣ ಬೆರೆಸಿದ ದ್ರಾವಣದಿಂದ ಶುದ್ಧಿಮಾಡಬೇಕು. ಹಾಲುತೊಂಡೆ, ಸುಣ್ಣಕಟ್ಟು ಮೊದಲಾದ ರೋಗಗಳು ಹಿಂದಿನ ಬೆಳೆಯಿಂದಲೇ ಮುಂದಿನದಕ್ಕೆ ದಾಟುತ್ತವೆ. ಚಾಕಿ ಹುಳುವಿಗೆ ೨೭–೨೮ ಡಿಗ್ರಿ ಸೆಂಟಿಗ್ರೇಡ್ ಶಾಖವೂ ಹೆಚ್ಚು ತೇವವೂ ಬೇಕು; ದೊಡ್ಡ ಹುಳುವಿಗೆ ೨೪–೨೫ ಡಿಗ್ರಿ ಶಾಖವೂ ಚೆನ್ನಾಗಿ ಗಾಳಿಯೂ ಬೇಕು. ಎರಡಕ್ಕೂ ಒಂದೇ ಕೋಣೆ ಒಪ್ಪುವುದಿಲ್ಲ. ಆದಕಾರಣ ಊರಿಗೊಂದು ಚಾಕಿ ಸಾಕಣೆ ಕೇಂದ್ರವನ್ನು ಹೂಡುವುದು ವಿದ್ಯಾವಂತ ಯುವಕರಿಗೆ ತಕ್ಕ ಉದ್ಯಮ. ಎಳೆಯ ಹುಳು ಒಬ್ಬ ಪರಿಣತನ ಕೈಯಲ್ಲಿ ಬೆಳೆದರೆ ಹತ್ತು ಮನೆಗಳ ಬೆಳೆ ಉಳಿಯುವ ಸಂಭವವುಂಟು.

ಇದನ್ನು ಕಲಿಯಲು ನಮ್ಮವರು ಸಮುದ್ರ ದಾಟಬೇಕಾಗಿಲ್ಲ. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯವು ೧೯೯೫ರಲ್ಲಿ ಚಿಂತಾಮಣಿಯಲ್ಲಿಯೇ ರೇಷ್ಮೆ ಕೃಷಿ ಮಹಾವಿದ್ಯಾಲಯವನ್ನು ಸ್ಥಾಪಿಸಿತು. ಅದೇ ತಾಲ್ಲೂಕಿನ ಕುರುಬೂರಿನಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಸಾವಿರಾರು ಮೈಲಿಗಳಿಂದ ಬಂದವರು ಕಲಿತು ಹೋಗುತ್ತಿರುವಾಗ, ಹತ್ತಾರು ಮೈಲಿಯೊಳಗಿನ ನಮ್ಮ ಮಕ್ಕಳು ಜಮೀನನ್ನು ಬೀಳುಬಿಟ್ಟು ಪಟ್ಟಣ ಸೇರುವುದು ವ್ಯಸನಕರ.

ಆದ್ದರಿಂದ ಗ್ರಾಮದ ಮುಖಂಡರಲ್ಲಿ ನನ್ನ ವಿಜ್ಞಾಪನೆಯಿಷ್ಟೆ: ಪ್ರತಿ ಊರಿನಿಂದ ಒಬ್ಬ ಯುವಕನನ್ನೋ ಯುವತಿಯನ್ನೋ ಆರಿಸಿ ತರಬೇತಿಗೆ ಕಳುಹಿಸಿರಿ. ಮುಂದಿನ ಬೆಳೆಯ ಮೊಟ್ಟೆಯನ್ನು ತರುವ ದಿನವೇ ಒಂದು ಲೆಕ್ಕದ ಪುಸ್ತಕವನ್ನೂ ತನ್ನಿರಿ. ಆ ಪರದೇಶದ ಗೃಹಸ್ಥರ ಪ್ರಶ್ನೆಯನ್ನು ಮತ್ತೊಬ್ಬರು ಬಂದು ಕೇಳಿದಾಗ, ನಮ್ಮ ಉತ್ತರ ಪುಸ್ತಕದಲ್ಲಿ ಸಿದ್ಧವಾಗಿರಲಿ.